ಒಡಹುಟ್ಟದ ಅಣ್ಣತಮ್ಮಂದಿರು

ಕಾರವಾರದಿಂದ ಕಾಳಿ ಸೇತುವೆ ದಾಟಿ, ಸದಾಶಿವಗಡದ ಗುಡ್ಡವನ್ನು ಹಾದು ಉತ್ತರಕ್ಕೆ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಊರು ಮಾಜಾಳಿ. ಅದರಾಚೆ ಗೋವೆಯ ಪೋಳೆ. ಈ ದಂಡೆಯ ಕ್ಯಾಥೊಲಿಕ್ ಮನೆಯಲ್ಲಿ ಮಗು ಹುಟ್ಟಿದರೆ ಹಿರಿಯರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಹೆಸರೇನಿಡುವುದು ಎಂಬುದು ಮೊದಲನೆಯದು. ಇಗರ್ಜಿಯಲ್ಲಿ ಜ್ಞಾನಸ್ನಾನದ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳುವವರು ಯಾರು ಎಂಬುದು ಎರಡನೆಯದು. ಹೆಸರಿನ ವಿಚಾರ ಬೇಗ ಇತ್ಯರ್ಥವಾಗಬಹುದು. ಎರಡನೆಯದಕ್ಕೆ ಕೆಲವೊಮ್ಮೆ ವಾರಗಟ್ಟಲೆ ಮಾತುಕತೆ ನಡೆಯುತ್ತದೆ. ಏಕೆಂದರೆ ಎತ್ತಿಕೊಂಡವರು ಅಂದಿನಿಂದ ಆ ಮನೆಯ ನೆಂಟರು. ಮಗುವಿಗೆ ಅವರು ಜ್ಞಾನಪಿತ, ಜ್ಞಾನಮಾತೆ. ರಕ್ತಸಂಬಂಧ ಇರಲಿ ಇಲ್ಲದಿರಲಿ, ಮಗುವಿನ ಮದುವೆಯವರೆಗೂ ಅವರಿಗೆ ಮನೆಯಲ್ಲಿ ಒಂದು ಮಣೆ ಇದ್ದೇ ಇರುತ್ತದೆ.

ಹೆತ್ತವರೇ ಮಗುವನ್ನು ಎತ್ತಿಕೊಂಡು ನಿಂತರೆ ಆಗದೇ ಎಂದು ಯಾರಾದರೂ ಕೇಳಬಹುದು. ಆಗದು. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿ ತಂದೆತಾಯಿಗಳು ತಮ್ಮ ಮಗುವಿಗೆ ಜ್ಞಾನಪಿತ, ಜ್ಞಾನಮಾತೆಯರಾಗುವಂತಿಲ್ಲ. ಕ್ರಿ.ಶ. 813ರಲ್ಲಿ ಜರ್ಮನಿಯ ಮೈಂಟ್ಸ್‌ನಲ್ಲಿ ಸೇರಿದ ಧರ್ಮಸಭೆ ಹೀಗೆಂದು ವಿಧಿಸಿತು; 1983ರ ಈಗಿನ ಸಂಹಿತೆಯಲ್ಲೂ ಅದೇ ನಿಯಮವಿದೆ. ಹೆತ್ತವರಿದ್ದೂ ಹೊರಗಿನಿಂದ ಇನ್ನೊಬ್ಬ ತಂದೆಯನ್ನು, ಇನ್ನೊಬ್ಬ ತಾಯಿಯನ್ನು ಹುಡುಕಿ ತನ್ನಿ ಎನ್ನುವ ಈ ಹಟ ಎಲ್ಲಿಂದ ಬಂತು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ಬಸಿರಿನ ಮಾತು

ಹೊಸ ಒಡಂಬಡಿಕೆ ಮೂಲದಲ್ಲಿ ಗ್ರೀಕ್ ಭಾಷೆಯಲ್ಲಿದೆ. ಅದರಲ್ಲಿ, ವಿಶೇಷವಾಗಿ ಪೌಲನ ಪತ್ರಗಳಲ್ಲಿ, ವಿಶ್ವಾಸಿಗಳನ್ನು ಕರೆಯಲು ಮತ್ತೆ ಮತ್ತೆ ಬರುವ ಪದ ‘ಅದೆಲ್ಫೋಸ್’. ಸೋದರ ಎಂದು ಅರ್ಥ. ಆ ಪದವನ್ನು ಬಿಡಿಸಿದರೆ ‘ಒಂದೇ ಗರ್ಭದಿಂದ ಬಂದವನು’ ಎಂದಾಗುತ್ತದೆ. ನಮ್ಮ ‘ಸಹೋದರ’ ಶಬ್ದವೂ ಹಾಗೆಯೇ ಕೂಡಿಕೊಂಡದ್ದು. ಸಹ ಮತ್ತು ಉದರ. ಕನ್ನಡದ ‘ಒಡಹುಟ್ಟಿದವರು’ ಕೂಡ ಅದೇ ಜಾಡಿನದು. ಹೀಗಾಗಿ ಸಭೆಯಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತನನ್ನು ಸಹೋದರ ಎನ್ನುವುದು ಒಂದು ದೊಡ್ಡ ಮಾತು. ಬೇರೆ ಬೇರೆ ತಾಯಂದಿರಿಗೆ ಹುಟ್ಟಿದವರು ಒಂದೇ ಬಸಿರಿನವರು ಎಂದು ಹೇಳಿದಂತೆ.

ಸುವಾರ್ತೆಗಳಲ್ಲಿ ಇದಕ್ಕೆ ಬುಡವಿದೆ. ತಾಯಿಯೂ ತಮ್ಮಂದಿರೂ ಹೊರಗೆ ಕಾದಿದ್ದಾರೆಂದು ಯಾರೋ ಬಂದು ಹೇಳಿದಾಗ ಯೇಸು ಸುತ್ತ ಕುಳಿತವರತ್ತ ನೋಡಿ, ದೇವರ ಚಿತ್ತದಂತೆ ನಡೆಯುವವರೇ ತನ್ನ ತಾಯಿ, ತಮ್ಮ, ತಂಗಿ ಎಂದನೆಂದು ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಕುಟುಂಬವೇ ಎಲ್ಲವೂ ಆಗಿದ್ದ ಯೆಹೂದಿ ಸಮಾಜದಲ್ಲಿ ಇದು ಒರಟು ಮಾತಾಗಿಯೇ ಕೇಳಿಸಿರಬೇಕು. ಆದರೆ ಯೋಹಾನನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿಂದ ಅದೇ ಯೇಸು ತನ್ನ ತಾಯಿಯನ್ನು ಶಿಷ್ಯನಿಗೆ ತೋರಿಸಿ ಅವಳು ನಿನ್ನ ತಾಯಿ ಎನ್ನುತ್ತಾನೆ. ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ. ಮನೆಗೆ ಕರೆದುಕೊಂಡು ಹೋದದ್ದು ಇಲ್ಲಿ ಮುಖ್ಯ.

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರ ಇನ್ನೂ ವ್ಯಾವಹಾರಿಕ. ಸಭೆಯ ಮುದುಕನನ್ನು ಗದರಿಸಬೇಡ, ತಂದೆಯೆಂದು ತಿಳಿದು ಬುದ್ಧಿ ಹೇಳು. ಪ್ರಾಯದವರನ್ನು ತಮ್ಮಂದಿರಂತೆ, ವಯಸ್ಸಾದ ಹೆಂಗಸರನ್ನು ತಾಯಂದಿರಂತೆ, ಹರೆಯದ ಹೆಣ್ಣುಮಕ್ಕಳನ್ನು ಶುದ್ಧ ಮನಸ್ಸಿನಿಂದ ತಂಗಿಯರಂತೆ ಕಾಣು ಎಂಬುದು ಅದರ ಐದನೆಯ ಅಧ್ಯಾಯದ ತಾತ್ಪರ್ಯ. ಅದೇ ಅಧ್ಯಾಯ ಮುಂದುವರಿದು ವಿಧವೆಯರ ಲೆಕ್ಕಕ್ಕೆ ಬರುತ್ತದೆ. ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಅವರು ಮೊದಲು ನೋಡಿಕೊಳ್ಳಲಿ, ಸಭೆಯ ಮೇಲೆ ಹೊರೆ ಬೇಡ; ಯಾರೂ ಇಲ್ಲದವಳನ್ನು ಸಭೆ ನೋಡಿಕೊಳ್ಳಲಿ ಎನ್ನುತ್ತದೆ. ಸಭೆ ಕುಟುಂಬವಾಗಬೇಕೆಂದರೆ ನಿಜವಾದ ಕುಟುಂಬ ಕೈತೊಳೆದುಕೊಳ್ಳಲಿ ಎಂದಲ್ಲ. ಇಬ್ಬರ ಪಾಲೂ ಬರೆದಿಟ್ಟ ಪತ್ರವಿದು.

ರೋಮನರಿಗೆ ಈ ಅಣ್ಣ-ತಂಗಿ ಸಂಬೋಧನೆ ವಿಚಿತ್ರವಾಗಿ ಕಂಡಿತು. ರಾತ್ರಿ ಸೇರುತ್ತಾರೆ, ಅಣ್ಣ ತಂಗಿ ಎನ್ನುತ್ತಾರೆ, ಆಮೇಲೆ ಪರಸ್ಪರ ಮದುವೆಯನ್ನೂ ಆಗುತ್ತಾರೆ ಎಂದು ಊರಿನಲ್ಲಿ ಗುಲ್ಲೆದ್ದಿತು. ಅಗಮ್ಯಗಮನದ ಆರೋಪವೂ ಬಂತು; ಮಿನೂಷಿಯಸ್ ಫೆಲಿಕ್ಸ್ ಎಂಬ ಲೇಖಕ ಅದನ್ನು ದಾಖಲಿಸಿ ಉತ್ತರ ಕೊಟ್ಟಿದ್ದಾನೆ. ಕ್ರಿ.ಶ. 197ರ ಸುಮಾರಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲ್ಲಿಯನ್ ತನ್ನ ಸಮರ್ಥನೆಯಲ್ಲಿ ಸಭೆಯ ಹುಂಡಿಯ ಲೆಕ್ಕವನ್ನೇ ಮುಂದಿಟ್ಟ. ತಿಂಗಳಿಗೊಮ್ಮೆ ಮನಸ್ಸಿದ್ದವರು ಹಾಕುವ ಹಣ ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ಅನಾಥ ಮಕ್ಕಳಿಗೆ, ಮುಪ್ಪಾದ ಆಳುಗಳಿಗೆ, ಹಡಗು ಒಡೆದು ಎಲ್ಲ ಕಳೆದುಕೊಂಡವರಿಗೆ, ಸೆರೆಯಲ್ಲಿರುವವರಿಗೆ ಹೋಗುತ್ತದೆ ಎಂದು ಬರೆದ. ನಾಲ್ಕನೆಯ ಶತಮಾನದಲ್ಲಿ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಊರ್ಜಿತಗೊಳಿಸಲು ಹೊರಟ ಚಕ್ರವರ್ತಿ ಜೂಲಿಯನ್‌ನ ದೂರು ಇನ್ನೂ ಸ್ವಾರಸ್ಯದ್ದು: ಇವರು ತಮ್ಮ ಬಡವರ ಜತೆಗೆ ನಮ್ಮ ಬಡವರನ್ನೂ ಸಾಕುತ್ತಾರಲ್ಲ ಎಂದು ಆತ ತನ್ನ ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ ಹಲುಬಿದ್ದಾನೆ. ವಿರೋಧಿಯ ಬಾಯಿಂದ ಬಂದ ಈ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು.

ಎತ್ತಿಕೊಂಡವರ ನೆಂಟಸ್ತಿಕೆ

ಮಾತಿನಲ್ಲಿದ್ದ ಈ ಬಂಧುತ್ವ ಬರಬರುತ್ತ ಕಟ್ಟುಪಾಡಿನ ರೂಪ ತಾಳಿತು. ಜ್ಞಾನಸ್ನಾನದಿಂದ ಹುಟ್ಟಿದ ಸಂಬಂಧ ರಕ್ತಸಂಬಂಧದಷ್ಟೇ ನಿಜ ಎಂದು ಕಾನೂನು ಒಪ್ಪಿದ್ದಕ್ಕೆ ಸಾಕ್ಷಿ ಮದುವೆಯ ನಿಷೇಧ. ಕ್ರಿ.ಶ. 530ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಜ್ಞಾನಪಿತ ತಾನು ಎತ್ತಿಕೊಂಡ ಹುಡುಗಿಯನ್ನು ಮದುವೆಯಾಗಕೂಡದೆಂದು ಕಟ್ಟಳೆ ಮಾಡಿದ. 692ರ ಹೊತ್ತಿಗೆ ಪೂರ್ವದ ಧರ್ಮಸಭೆ ಆ ನಿಷೇಧವನ್ನು ಮಗುವಿನ ವಿಧವೆ ತಾಯಿಗೂ ವಿಸ್ತರಿಸಿತು. ಮಧ್ಯಯುಗದ ಯುರೋಪಿನಲ್ಲಿ ಈ ಬಲೆ ಎಷ್ಟು ಹರಡಿತೆಂದರೆ ಸಣ್ಣ ಹಳ್ಳಿಯಲ್ಲಿ ಮದುವೆಗೆ ಹೆಣ್ಣು ಸಿಗುವುದೇ ಕಷ್ಟ ಎಂಬಂತಾಯಿತು. ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆ ಅದನ್ನು ಕಿರಿದು ಮಾಡಿತು. 1917ರ ಸಂಹಿತೆ ಮತ್ತಷ್ಟು ಕಿರಿದು ಮಾಡಿತು. 1983ರ ಸಂಹಿತೆ ಲ್ಯಾಟಿನ್ ವಿಧಿಯವರಿಗೆ ನಿಷೇಧವನ್ನು ಪೂರ್ತಿ ತೆಗೆದುಹಾಕಿತು. ಆದರೆ ಕೇರಳದ ಸಿರೊ ಮಲಬಾರ್ ಸಭೆಯಂಥ ಪೂರ್ವವಿಧಿಯ ಕ್ಯಾಥೊಲಿಕರಿಗೆ 1990ರ ಬೇರೆ ಸಂಹಿತೆಯಿದೆ. ಅದರಲ್ಲಿ ನಿಷೇಧ ಹಾಗೇ ಉಳಿದಿದೆ. ಅಂದರೆ ಬೆಳ್ತಂಗಡಿಯಲ್ಲಿ ನೆಲೆಸಿದ ಮಲಯಾಳಿ ಸಿರೊ ಮಲಬಾರ್ ಕುಟುಂಬಕ್ಕೆ ಒಂದು ನಿಯಮ, ನೆರೆಮನೆಯ ಕೊಂಕಣಿ ಕುಟುಂಬಕ್ಕೆ ಇನ್ನೊಂದು.

ನಮ್ಮ ಕರಾವಳಿಗೆ ಈ ಪದ್ಧತಿ ಬಂದದ್ದು ಪೋರ್ಚುಗೀಸರ ಮೂಲಕ. ಪೋರ್ಚುಗೀಸಿನ ಪಾದ್ರಿನ್ಯು, ಮಾದ್ರಿನ್ಯಾ ಎಂಬ ಮಾತುಗಳೇ ಉಚ್ಚಾರ ಸವೆದು ಕೊಂಕಣಿಯಲ್ಲಿ ನಿಂತಿವೆ. ಮಗುವಿನ ತಂದೆಗೂ ಜ್ಞಾನಪಿತನಿಗೂ ನಡುವೆ ಉಂಟಾಗುವ ಸಂಬಂಧಕ್ಕೂ ಹೆಸರುಂಟು: ‘ಕಂಪಾದ್ರೆ’, ಅಂದರೆ ಜತೆ ತಂದೆ, ಕೊಂಕಣಿಯ ‘ಕುಂಪಾರ್’. ನಾವು ಬೀಗರು ಎನ್ನುವಂತೆ ಇದೊಂದು ಸಂಬೋಧನೆ. ಇಂಗ್ಲಿಷಿನಲ್ಲಿ ಹರಟೆ, ಚಾಡಿಮಾತಿಗೆ ಬಳಸುವ ‘ಗಾಸಿಪ್’ ಎಂಬ ಪದವೂ ಮೊದಲು ಇದೇ ಜ್ಞಾನಸ್ನಾನದ ನೆಂಟರನ್ನು ಸೂಚಿಸುತ್ತಿತ್ತು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ನೆಂಟರು ಸೇರಿದಲ್ಲಿ ಮಾತು ಎತ್ತ ಹೋಗುತ್ತದೆ ಎಂಬುದು ಎಲ್ಲ ದೇಶಗಳಲ್ಲೂ ಒಂದೇ.

ಮಾಜಾಳಿಯಂಥ ಗಡಿಯೂರಿನಲ್ಲಿ ಈ ನೆಂಟಸ್ತಿಕೆಗೆ ಇನ್ನೊಂದು ಮುಖವಿದೆ. ಕಾರವಾರ ಸೀಮೆಯನ್ನು ಸೋದೆ ಅರಸರು, ಪೋರ್ಚುಗೀಸರು, ಹೈದರ್, ಇಂಗ್ಲಿಷರು ಒಬ್ಬರ ಕೈಯಿಂದ ಒಬ್ಬರು ಪಡೆದರು. ಸೋದೆಯವರು ಕಟ್ಟಿದ ಸದಾಶಿವಗಡವನ್ನು 1752ರಲ್ಲಿ ಪೋರ್ಚುಗೀಸರು ಹಿಡಿದಿದ್ದರು. ರಾಜ್ಯದ ಗಡಿ ಹೀಗೆ ಓಡಾಡಿದರೂ ಧರ್ಮಸಭೆಯ ಆಡಳಿತದಲ್ಲಿ ಈ ಭಾಗ ಬಹುಕಾಲ ಗೋವೆಯ ಆರ್ಚ್‌ಬಿಷಪ್ಪರಿಗೇ ಸೇರಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಹುಟ್ಟಿದಾಗ ಇದು ಅದರ ಪಾಲಿಗೆ ಬಂತು. 1976ರಲ್ಲಿ ಕಾರವಾರವೇ ಪ್ರತ್ಯೇಕ ಧರ್ಮಪ್ರಾಂತವಾಯಿತು. ಹೆಣ್ಣು ಕೊಡುವುದು ತರುವುದು, ಮಗುವನ್ನು ಎತ್ತಿಕೊಳ್ಳುವುದು, ಹಬ್ಬಕ್ಕೆ ಹೋಗಿಬರುವುದು ಎಲ್ಲವೂ ಗಡಿಯ ಎರಡೂ ಕಡೆ ಹರಡಿಕೊಂಡದ್ದು ಸಹಜ.

ಗಡಿ ಬಿಗಿಯಾದದ್ದು 1955ರಲ್ಲಿ. ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ಆ ವರ್ಷದ ಆಗಸ್ಟ್ 15ರಂದು ಪೋರ್ಚುಗೀಸರು ಗುಂಡು ಹಾರಿಸಿದ ಬಳಿಕ ಭಾರತ ಓಡಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಹೇರಿತು. 1961ರ ಡಿಸೆಂಬರ್‌ನಲ್ಲಿ ಸೇನೆ ಗೋವೆಯನ್ನು ಸೇರುವವರೆಗೆ ಮಾಜಾಳಿಯವರಿಗೆ ಪೋಳೆ ಪರದೇಶವೇ. ಧರ್ಮಸಭೆಯ ಕಾನೂನಿನಲ್ಲಿ ಇಂಥ ಸಂಕಟಕ್ಕೂ ದಾರಿಯಿತ್ತು. ಜ್ಞಾನಪಿತ ಬರಲಾಗದಿದ್ದರೆ ಅವನ ಪರವಾಗಿ ಇನ್ನೊಬ್ಬ ನಿಂತು ಮಗುವನ್ನು ಎತ್ತಿಕೊಳ್ಳಬಹುದು. ಸಂಬಂಧ ಮಾತ್ರ ದೂರದಲ್ಲಿರುವವನದೇ. ಸರಕಾರಗಳ ರಹದಾರಿ ಇಲ್ಲದೆಯೂ ಗಡಿ ದಾಟಬಲ್ಲ ನೆಂಟಸ್ತಿಕೆಯಿದು.

ಈ ಪದ್ಧತಿಗೆ ಹುಳುಕು ತಗಲಿಲ್ಲವೆಂದೇನಲ್ಲ. ಗೋವೆಯಲ್ಲಿ ಒಕ್ಕಲು ತನ್ನ ಮಗುವನ್ನು ಎತ್ತಿಕೊಳ್ಳಲು ಭಾಟಕಾರನನ್ನು, ಅಂದರೆ ಜಮೀನಿನ ಒಡೆಯನನ್ನು ಕರೆಯುತ್ತಿದ್ದುದುಂಟು. ಭಕ್ತಿಗಿಂತ ಅಲ್ಲಿ ಬದುಕಿನ ಲೆಕ್ಕ ಹೆಚ್ಚು. ಒಡೆಯ ತನ್ನ ಮಗುವಿಗೆ ಒಕ್ಕಲನ್ನು ಕರೆದಾನೆಯೇ? ಇಟಲಿಯ ಸಿಸಿಲಿಯಲ್ಲಿ ಈ ಸಂಬಂಧ ಪಾತಕಿಗಳ ಜಾಲಕ್ಕೆ ಗಂಟು ಹಾಕುವ ದಾರವೇ ಆಯಿತು. ಅಲ್ಲಿನ ಕತಾನಿಯಾ ಧರ್ಮಪ್ರಾಂತ 2021ರ ಅಕ್ಟೋಬರ್‌ನಿಂದ ಮೂರು ವರ್ಷ ಜ್ಞಾನಪಿತರೇ ಬೇಡವೆಂದು ನಿಷೇಧ ಹೇರಬೇಕಾಯಿತು. ಅನಾಥ ಮಗುವಿಗೊಬ್ಬ ತಂದೆಯಿರಲಿ ಎಂಬ ವ್ಯವಸ್ಥೆ ಪ್ರಬಲನ ಕೃಪೆಗೆ ಅರ್ಜಿ ಹಾಕುವ ವ್ಯವಸ್ಥೆಯಾಗುವುದು ಎಷ್ಟು ಸುಲಭ ಎಂಬುದಕ್ಕೆ ಇದು ಉದಾಹರಣೆ.

ವಾಡೆ, ಶಿಲುಬೆ, ಗುರಿಕಾರ

ಜ್ಞಾನಪಿತ ಒಂದು ಮನೆಗೆ ನೆಂಟನಾದರೆ ಇಡೀ ವಾಡೆಗೆ ನೆಂಟನಾಗುವವನು ಗುರ್ಕಾರ. ಕನ್ನಡ, ತುಳು ನಾಡಿನ ‘ಗುರಿಕಾರ’ನೇ ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ಗುರ್ಕಾರನಾಗಿದ್ದಾನೆ. ಧರ್ಮಕೇಂದ್ರವನ್ನು ವಾಡೆಗಳಾಗಿ ವಿಂಗಡಿಸಿ ಪ್ರತಿ ವಾಡೆಗೂ ಒಬ್ಬ ಗೃಹಸ್ಥನನ್ನು ಮುಖ್ಯಸ್ಥನನ್ನಾಗಿ ಮಾಡುವುದು ಅಲ್ಲಿನ ಹಳೆಯ ಕ್ರಮ. ಮದುವೆಯ ಮಾತುಕತೆಗೆ, ಸಾವಿನ ಮನೆಗೆ, ಅಣ್ಣತಮ್ಮಂದಿರ ಬೇಲಿ ಜಗಳಕ್ಕೆ ಮೊದಲು ಬರುವವನು ಅವನು. ವಿಶ್ವಾಸಿಗಳು ತಮ್ಮ ವ್ಯಾಜ್ಯಗಳನ್ನು ಹೊರಗಿನ ನ್ಯಾಯಾಲಯಕ್ಕೆ ಒಯ್ಯುವ ಬದಲು ತಮ್ಮೊಳಗಿನ ವಿವೇಕಿಯೊಬ್ಬನಿಂದ ತೀರಿಸಿಕೊಳ್ಳಬಾರದೇ ಎಂದು ಪೌಲ ಕೊರಿಂಥದವರನ್ನು ಕೇಳಿದ್ದ. ಗುರ್ಕಾರನ ಪಂಚಾಯ್ತಿ ಆ ಪ್ರಶ್ನೆಗೆ ನಮ್ಮ ಕರಾವಳಿ ಕೊಟ್ಟ ಉತ್ತರದಂತಿದೆ. ಪಂಚಾಯ್ತಿಯಿದ್ದರೂ ನ್ಯಾಯಾಲಯಗಳೇನೂ ಖಾಲಿ ಬಿದ್ದಿಲ್ಲ, ಆ ಮಾತು ಬೇರೆ.

ಗೋವೆಯ ಪ್ರಭಾವ ಹೆಚ್ಚಿರುವ ಕಡೆ ದಾರಿಬದಿಯ ಶಿಲುಬೆಗಳೇ ನೆರೆಹೊರೆಯನ್ನು ಕೂಡಿಸುತ್ತವೆ. ವರ್ಷಕ್ಕೊಮ್ಮೆ ಶಿಲುಬೆಗೆ ಸುಣ್ಣ ಬಳಿದು ಹೂಮಾಲೆ ಹಾಕಿ ಸಂಜೆ ‘ಲದಾಯ್ನ್’ ಎಂಬ ಸರದಿ ಪ್ರಾರ್ಥನೆಯನ್ನು ಹಾಡುತ್ತಾರೆ. ಆಮೇಲೆ ಬಂದವರಿಗೆಲ್ಲ ಬೇಯಿಸಿದ ಕಡಲೆ. ಪಾದ್ರಿ ಇರಲೇಬೇಕೆಂದಿಲ್ಲ, ಹಾಡಲು ಬಲ್ಲ ಊರವನೊಬ್ಬ ಸಾಕು. ಪಾದ್ರಿಗಳ ಅಭಾವವೂ, ಅವರವರಲ್ಲೇ ಜಗಳವೂ ಇಲ್ಲಿ ಹೊಸದಲ್ಲ. 1681ರಲ್ಲಿ ಗೋವೆಯ ಜೋಸೆಫ್ ವಾಜ್ ಕೆನರಾಕ್ಕೆ ಬಂದಾಗ ಈ ಸೀಮೆಯ ಕ್ರೈಸ್ತರು ಗೋವೆಯ ಪಕ್ಷ, ರೋಮಿನ ಪಕ್ಷ ಎಂದು ಎರಡಾಗಿದ್ದರು. ಮೂರು ವರ್ಷ ಅವರು ದುಡಿದದ್ದು ಆ ಒಡಕಿನ ನಡುವೆಯೇ. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಹದಿನೈದಿಪ್ಪತ್ತು ಮನೆಗಳು ಆಗಾಗ ಸೇರಿ ಪ್ರಾರ್ಥಿಸುವ ಕಿರು ಕ್ರೈಸ್ತ ಸಮುದಾಯಗಳು ಬಂದವು. ಹೊಸ ಹೆಸರಿನಲ್ಲಿ ಬಂದರೂ ವಾಡೆಯ ಪರಿಚಯವಿದ್ದವರಿಗೆ ಅದು ಹಳೆಯ ಗುರುತೇ.

ಮನೆ ಬಿಟ್ಟು ಬಂದವರು

ಇಲ್ಲಿಯವರೆಗೆ ಹೇಳಿದ್ದು ಸ್ವಂತ ಕುಟುಂಬವಿದ್ದೂ ಅದರ ಜತೆಗೆ ಇನ್ನೊಂದು ಕುಟುಂಬ ದೊರೆತವರ ಕಥೆ. ಇದ್ದ ಕುಟುಂಬವನ್ನೇ ಕಳೆದುಕೊಂಡು ಬಂದವರಿಗೆ ಸಹೋದರ ಎಂಬ ಶಬ್ದ ಬೇರೆಯೇ ತೂಕದ್ದಾಗಿತ್ತು. ಕರ್ನಾಟಕದಲ್ಲಿ ಇದನ್ನು ನೋಡಬೇಕಾದರೆ ದಕ್ಷಿಣಕ್ಕೆ ಮಂಗಳೂರಿಗೆ, ಕ್ಯಾಥೊಲಿಕರಿಂದ ಪ್ರೊಟೆಸ್ಟೆಂಟರಾದ ಬಾಸೆಲ್ ಮಿಶನ್ನಿನವರತ್ತ ತಿರುಗಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಶನ್ ಕನ್ನಡಿಗರಿಗೆ ಅಪರಿಚಿತವಲ್ಲ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರ ನಿಘಂಟಿನ ಕಿಟ್ಟೆಲ್ ಇದೇ ಮಿಶನ್ನಿನವರು.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ವಯಸ್ಸು ಇಪ್ಪತ್ತರ ಒಳಗೆ. ಊರಿನಲ್ಲಿ ದೊಡ್ಡ ಗಲಭೆಯೇ ಆಯಿತು. ಮನೆಯ ಬಾಗಿಲು ಮುಚ್ಚಿತು. ಪತ್ನಿ ಲಕ್ಷ್ಮಿ ಅವರೊಂದಿಗೆ ಬರಲಿಲ್ಲ. ಇಂದು ಈ ಪ್ರಸಂಗವನ್ನು ಓದುವಾಗ ಮತಾಂತರದ ವಾದವಿವಾದಕ್ಕಿಂತ ಎರಡೂ ಕಡೆಯ ಮನೆಗಳಲ್ಲಿ ಉಳಿದ ಖಾಲಿ ಜಾಗವೇ ಕಣ್ಣಿಗೆ ಬೀಳುತ್ತದೆ. ಲಕ್ಷ್ಮಿಯ ಪಾಡೇನಾಗಿದ್ದೀತು ಎಂಬುದನ್ನು ಮಿಶನ್ನಿನ ವೃತ್ತಾಂತಗಳಷ್ಟರಿಂದ ಅಳೆಯಲಾಗದು. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, ಬೋಧಕರಾಗಿ ಮರಳಿ, ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾಗಿ ಮಂಗಳೂರಿನಲ್ಲೇ ದುಡಿದರು.

ಅಂದಿನ ಶಾಸ್ತ್ರದಂತೆ ಮತಾಂತರಗೊಂಡವನಿಗೆ ಪಿತ್ರಾರ್ಜಿತದಲ್ಲಿ ಪಾಲು ತಪ್ಪುತ್ತಿತ್ತು. 1850ರ 21ನೆಯ ಕಾಯಿದೆ ಆಸ್ತಿಯ ಹಕ್ಕನ್ನು ಉಳಿಸಿಕೊಟ್ಟಿತು. ಆದರೆ ಊಟದ ಪಂಕ್ತಿ, ಬಾವಿಯ ನೀರು, ಕುಲಕಸುಬು, ಮಕ್ಕಳಿಗೆ ಸಂಬಂಧ ಯಾವ ಕಾಯಿದೆಯಿಂದಲೂ ಬರುವಂಥದಲ್ಲ. ಬಡಜಾತಿಗಳಿಂದ ಬಂದವರಿಗಂತೂ ಒಡೆಯನ ಜಮೀನು ಬಿಟ್ಟರೆ ಅಂದಿನ ಊಟಕ್ಕೇ ಗತಿಯಿಲ್ಲ. ಮಿಶನ್ ಮೊದಲು ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಈ ಒತ್ತಡದಿಂದ. ಮಂಗಳೂರು ಹೆಂಚು ಇಡೀ ದೇಶದ ಮಾಡುಗಳನ್ನೇರಿದ್ದರ ಹಿಂದೆ ಮನೆ ಕಳೆದುಕೊಂಡ ಸಹೋದರನಿಗೆ ಸೂರು ಒದಗಿಸುವ ಪ್ರಶ್ನೆಯಿತ್ತು ಎಂಬುದು ಸ್ವಾರಸ್ಯದ ಸಂಗತಿ. ಕೊಡಗಿನಲ್ಲಿ ಹೊಲೆಯರೆಂದು ಕರೆಯಲ್ಪಡುತ್ತಿದ್ದ ಜೀತದಾಳುಗಳಲ್ಲಿ ಮತಾಂತರಗೊಂಡವರಿಗಾಗಿ ಕಟ್ಟಿದ ಊರಿಗೆ ಆನಂದರಾಯರ ಹೆಸರಿನಿಂದಲೇ ಆನಂದಪುರವೆಂದು ಹೆಸರಾಯಿತು.

ಆದರೆ ಈ ಕುಟುಂಬದಲ್ಲಿ ಯಜಮಾನ ಯಾರೆಂಬುದು ಸ್ಪಷ್ಟವಿತ್ತು. ಕೆಲಸ ಕೊಡುವವನೂ, ಮನೆ ಕೊಡುವವನೂ, ಕುಡಿದು ಬಂದರೆ ಶಿಸ್ತುಕ್ರಮ ಕೈಗೊಳ್ಳುವವನೂ, ಭಾನುವಾರ ಉಪದೇಶ ಮಾಡುವವನೂ ಮಿಶನರಿಯೇ. ಅಣ್ಣತಮ್ಮಂದಿರ ಸಭೆ ಎನ್ನುವುದಕ್ಕಿಂತ ತಂದೆ-ಮಕ್ಕಳ ಸಂಸಾರ ಎನ್ನುವುದು ಅದಕ್ಕೆ ಒಪ್ಪುತ್ತಿತ್ತು. 1914ರ ಯುದ್ಧ ಬಂದು ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದಾಗ ಮಕ್ಕಳು ಇದ್ದಕ್ಕಿದ್ದಂತೆ ಪ್ರಾಯಕ್ಕೆ ಬರಬೇಕಾಯಿತು.

ಕರೆಯುವುದು ಬೇರೆ, ಕೂರಿಸುವುದು ಬೇರೆ

ಸಹೋದರ ಎಂಬ ಮಾತಿಗೆ ಅತಿ ಕಠಿಣ ಪರೀಕ್ಷೆ ಒಡ್ಡಿದ್ದು ಜಾತಿ ಮತ್ತು ಗುಲಾಮಗಿರಿ. ಎರಡಕ್ಕೂ ಉತ್ತರ ಕನ್ನಡದಲ್ಲೇ ಸಾಕ್ಷಿಗಳಿವೆ.

ಗೋವೆಯ ಇಗರ್ಜಿಗಳಲ್ಲಿ ‘ಕೊನ್‌ಫ್ರಾರಿಯಾ’ ಎಂಬ ಭಕ್ತಸಂಘಗಳಿವೆ. ಶಬ್ದದ ಅರ್ಥವೇ ಸಹೋದರರ ಕೂಟ. ಹಬ್ಬದ ಮೆರವಣಿಗೆಯಲ್ಲಿ ಬಣ್ಣದ ನಿಲುವಂಗಿ ತೊಟ್ಟು ಮೊಂಬತ್ತಿ ಹಿಡಿದು ನಡೆಯುವುದು, ಸತ್ತ ಸದಸ್ಯನ ಶವದೊಂದಿಗೆ ಹೋಗುವುದು, ಅವನ ಆತ್ಮಕ್ಕಾಗಿ ಪೂಜೆ ಹೇಳಿಸುವುದು ಇವುಗಳ ಕರ್ತವ್ಯ. ಆದರೆ ಅನೇಕ ಕಡೆ ಸದಸ್ಯತ್ವ ಜಾತಿಯಿಂದ ನಿರ್ಧಾರವಾಗುತ್ತಿತ್ತು. ಬಾಮಣರಿಗೊಂದು, ಚಾರಡೊಗಳಿಗೊಂದು, ಉಳಿದವರಿಗೆ ಇನ್ನೊಂದು. ಕೆಲವರಿಗೆ ಯಾವುದೂ ಇಲ್ಲ. ಕೆನರಾದ ಕ್ರೈಸ್ತರಲ್ಲೂ ಈ ಭೇದಗಳು ಉಳಿದೇ ಇದ್ದವು. ಒಂದೇ ಬಟ್ಟಲಿನಿಂದ ಪ್ರಸಾದ ಸ್ವೀಕರಿಸುವವರು ಮದುವೆಯ ಮಾತು ಬಂದಾಗ ಹಳೆಯ ಕುಲವನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ತಮಿಳುನಾಡಿನ ತಿರುಚಿರಾಪಳ್ಳಿಯ ಒಂದು ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರ್ಪಡಿಸುವ ಗೋಡೆಯೇ ಎದ್ದಿತ್ತು. ಧರ್ಮಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂಬುದನ್ನು ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವೇ 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಕನ್ನಡದ ಓದುಗರಿಗೆ ಇಲ್ಲಿ ಕಲ್ಯಾಣ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತನ್ನ ಹಿರಿಯರೆಂದು, ಬಂಧುಗಳೆಂದು ಕರೆದುಕೊಂಡ. ಮಾತಿಗೆ ಯಾರೂ ಅಷ್ಟಾಗಿ ಅಡ್ಡಬರಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿಕೊಂಡಿತು ಎಂದು ಶರಣ ಪರಂಪರೆ ಹೇಳುತ್ತದೆ. ಭಾಷೆಯಲ್ಲಿ ನೆಂಟನಾಗುವುದಕ್ಕೂ ಮನೆಯೊಳಗೆ ನೆಂಟನಾಗುವುದಕ್ಕೂ ನಡುವಿನ ಅಂತರ ಒಂದು ಧರ್ಮಕ್ಕೆ ಮೀಸಲಾದದ್ದಲ್ಲ.

ಇನ್ನೊಂದು ಸಾಕ್ಷಿ ಹಳಿಯಾಳದ ಕಾಡಂಚಿನಲ್ಲಿದೆ. ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿಯಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ಯಾಥೊಲಿಕರು ಮೂವರೂ ಇದ್ದಾರೆ. ಅನೇಕರ ಪೂರ್ವಿಕರು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಪೋರ್ಚುಗೀಸರ ಆಡಳಿತದಲ್ಲಿ ಗುಲಾಮರಿಗೆ ಜ್ಞಾನಸ್ನಾನ ಕೊಡುವುದು ವಾಡಿಕೆಯಾಗಿತ್ತು. ಹೆಸರು ಸಿಕ್ಕಿತು, ಜ್ಞಾನಪಿತನೂ ಸಿಕ್ಕಿದ. ಸಂಕೋಲೆ ಮಾತ್ರ ಬಿಚ್ಚಲಿಲ್ಲ. ಕ್ರೈಸ್ತ ಸಿದ್ದಿಗಳಲ್ಲಿ ಇಂದಿಗೂ ಇರುವ ಪೋರ್ಚುಗೀಸ್ ಅಡ್ಡಹೆಸರುಗಳು ಆ ಅರ್ಧ ನೆಂಟಸ್ತಿಕೆಯ ಗುರುತು.

ಹೊಸ ಒಡಂಬಡಿಕೆಯಲ್ಲಿ ಒಂದೇ ಪುಟದಷ್ಟಿರುವ ಫಿಲೆಮೋನನ ಪತ್ರ ಸರಿಯಾಗಿ ಇಂಥದೇ ಪ್ರಸಂಗದ ಮೇಲೆ ಬರೆದದ್ದು. ಒನೇಸಿಮ ಎಂಬ ಗುಲಾಮ ಒಡೆಯನನ್ನು ಬಿಟ್ಟು ಪೌಲನ ಬಳಿ ಬಂದಿದ್ದಾನೆ. ಪೌಲ ಅವನನ್ನು ವಾಪಸು ಕಳಿಸುತ್ತ, ಇವನನ್ನು ಇನ್ನು ಗುಲಾಮನಾಗಿ ನೋಡಬೇಡ, ಪ್ರಿಯ ಸಹೋದರನಾಗಿ ಬರಮಾಡಿಕೋ, ಅವನಿಂದ ನಿನಗೇನಾದರೂ ಬಾಕಿಯಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಎಂಬರ್ಥದಲ್ಲಿ ಬರೆಯುತ್ತಾನೆ. ಬಿಡುಗಡೆ ಮಾಡು ಎಂದು ನೇರವಾಗಿ ಆಜ್ಞಾಪಿಸುವುದಿಲ್ಲ. ಆ ಮೌನವನ್ನು ಗುಲಾಮರ ಒಡೆಯರು ಶತಮಾನಗಳ ಕಾಲ ತಮಗೆ ಬೇಕಾದಂತೆ ಓದಿಕೊಂಡರು. ಸಿದ್ದಿಗಳ ಪೂರ್ವಿಕರು ಒನೇಸಿಮನಂತೆ ಓಡಿಬಂದರು. ಪತ್ರ ಬರೆದುಕೊಡಲು ಅವರಿಗೆ ಪೌಲನಿರಲಿಲ್ಲ, ಅವರು ಹಿಂದಿರುಗಲೂ ಇಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಸಿದ್ದಿಗಳು ಮೂರು ಧರ್ಮಗಳಲ್ಲಿ ಹಂಚಿಹೋದರೂ ತಮ್ಮೊಳಗಿನ ಬಂಧುತ್ವವನ್ನು ಬಿಟ್ಟವರಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದಾಗ ಮೂರೂ ಧರ್ಮದವರಿಗೆ ಅದರ ಪ್ರಯೋಜನ ದೊರೆಯಿತು. ದಲಿತ ಕ್ರೈಸ್ತರಿಗೆ ಹಾಗಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಅವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಭೆಯೊಳಗೆ ಜಾತಿಯುಂಟು, ಸರಕಾರದ ಕಡತದಲ್ಲಿ ಇಲ್ಲ!

ತೆನೆಯ ಲೆಕ್ಕ

ಇಗರ್ಜಿ ತನ್ನ ಜನರನ್ನು ಮನೆಮನೆಯಾಗಿ ಎಣಿಸುವ ಒಂದು ದಿನವಿದೆ. ಸೆಪ್ಟೆಂಬರ್ 8, ಮೇರಿಮಾತೆಯ ಜನ್ಮದಿನ. ನಮ್ಮ ಕರಾವಳಿಯಲ್ಲಿ ಅದು ಹೊಸ ಅಕ್ಕಿಯ ಹಬ್ಬವೂ ಹೌದು. ಗೋವೆಯಲ್ಲಿ ಹೊಸತಿನ ಹಬ್ಬ ಆಗಸ್ಟ್‌ನಲ್ಲೇ ಬರುತ್ತದೆ. ಗದ್ದೆಯಿಂದ ತಂದ ಭತ್ತದ ತೆನೆಗಳನ್ನು ಪಾದ್ರಿ ಮಂತ್ರಿಸ್ತಾರೆ. ಮನೆಗೊಂದು ಕಂತೆಯಂತೆ ಹಂಚುತ್ತಾರೆ. ಮನೆಗೆ ಬಂದ ಮೇಲೆ ಹಿರಿಯರು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಮೀನು ಮಾಂಸವಿಲ್ಲದ ಊಟ. ತರಕಾರಿಗಳ ಸಂಖ್ಯೆ ಬೆಸವಾಗಿರಬೇಕು ಎಂಬುದು ರೂಢಿ. ಮುಂಬಯಿಗೋ ಕೊಲ್ಲಿ ದೇಶಕ್ಕೋ ಹೋದವರಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಅಂಚೆಯಲ್ಲಿ ಹೋಗುತ್ತಿತ್ತು.

ಕಾಳಿಯ ಉತ್ತರ ದಂಡೆಯಿಂದ ದುಡಿಯುವ ಪ್ರಾಯದವರು ಗೋವೆಗೆ, ಹಡಗಿಗೆ, ಕೊಲ್ಲಿಗೆ ಹೋಗುವುದು ಹೊಸದಲ್ಲ. ಹಾಗಾಗಿ ತೆನೆ ಹಂಚುವಾಗ ಇಗರ್ಜಿಗೆ ಬರಲಾಗದ ಮನೆಗಳೂ ಇರುತ್ತವೆ: ಮಕ್ಕಳೆಲ್ಲ ಹೊರಗಿರುವ ಮುದುಕರು, ಮಂಡಿ ಹಿಡಿದ ವಿಧವೆ, ಹಾಸಿಗೆ ಹಿಡಿದವರು. ತಿಮೊಥೆಯನ ಪತ್ರದ ಲೆಕ್ಕದಲ್ಲಿ ಇವರಿಗೆ ಮಕ್ಕಳಿದ್ದಾರೆ, ಆದರೆ ದೂರ. ಅಂಥ ಮನೆಯ ಪಾಲಿನ ತೆನೆಯನ್ನು ವಾಡೆಯವರೊಬ್ಬರು ಬೇರೆಯಾಗಿ ಎತ್ತಿಟ್ಟುಕೊಂಡು, ಹಬ್ಬದ ಊಟಕ್ಕೆ ಕೂರುವ ಮೊದಲೇ ತಲುಪಿಸಿ ಬರಬೇಕು.